ಗಣಶಬ್ದ ವಿಚಾರ



ಸಮುದಾಯವನ್ನು ಹೇಳುವ ಶಬ್ದವು ಬೇರೆ, ಅದರ ಅವಯವವನ್ನು ಹೇಳುವ ಶಬ್ದವು ಬೇರೆ; ಇದು ಲೋಕರೂಢಿ. ಅನೇಕ ಮರಗಳು ಕೂಡಿದರೆ ವನ. ಒಂದು ಮರವನ್ನು ವನವೆಂದು ಯಾರೂ ಕರೆಯರು. ಅನೇಕ ಭಟರು ಕೂಡಿದರೆ ಸೇನೆ. ಒಬ್ಬ ಭಟನು ಸೇನೆಯೆನಿಸನು. ಈ ರೂಢಿಯನ್ನು ಮೀರಿ ನಿಂತ ಶಬ್ದವೊಂದು ಶರಣಪರಂಪರೆಯಲ್ಲಿ ಉಂಟು; ಅದೇ ‘ಗಣ’.

ಗಣವೆಂದರೆ ಸಮೂಹ. ಎಣಿಸುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ಗಣನೆ, ಗಣಿತ, ಗಣ್ಯ ಎಂಬುವು ಒಡಹುಟ್ಟುಗಳು. ಶ್ರವಣಬೆಳಗೊಳದ ಜೈನ ಶಾಸನಗಳಲ್ಲಿ ಮೂಲಸಂಘ, ಅದರೊಳಗೆ ದೇಸಿಗಣ, ಅದರೊಳಗೆ ಪುಸ್ತಕಗಚ್ಛ ಎಂಬ ಕ್ರಮವು ಕಂಡುಬರುತ್ತದೆ. ಅಲ್ಲಿ ಗಣವು ಸಂಘಕ್ಕೆ ಅವಯವ, ಗಚ್ಛಕ್ಕೆ ಅವಯವಿ. ಆದರೆ ಮುನಿಯೊಬ್ಬನು ಗಣದವನೇ ಹೊರತು ಗಣವಲ್ಲ.

ಕಲ್ಯಾಣದ ೭೭೦ ಅಮರಗಣಂಗಳು ಎಂಬಲ್ಲಿಯಾದರೋ ಲೆಕ್ಕವೇ ಬೇರೆ. ಅವು ೭೭೦ ಸಮೂಹಗಳಲ್ಲ. ೭೭೦ ಮಂದಿ ಶರಣರು. ಒಬ್ಬೊಬ್ಬರೂ ಗಣವೇ! ಇದು ವ್ಯಾಕರಣಕ್ಕೆ ವಿರುದ್ಧವಲ್ಲ. ಸಮುದಾಯದಲ್ಲಿ ಪ್ರವರ್ತಿಸುವ ಶಬ್ದಗಳು ಅವಯವಗಳಲ್ಲಿಯೂ ಪ್ರವರ್ತಿಸುವುವೆಂಬುದು ಪತಂಜಲಿಯ ಮಹಾಭಾಷ್ಯದ ಮತ.

ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯ, ಮೂರನೆಯ ಪಾದದ ೪೨ನೆಯ ಸೂತ್ರದಲ್ಲಿ, ಮೇಲು ಕೆಳಗೆಂಬ ಜೋಡಣೆಯಿಲ್ಲದ ಸಂಘಕ್ಕೆ ‘ನಿಕಾಯ’ವೆಂಬ ರೂಪವನ್ನು ವಿಧಿಸಿರುವನು. ಕಾಶಿಕಾವೃತ್ತಿಯು ಇದಕ್ಕೆ ಭಿಕ್ಷುಗಳ ನಿಕಾಯವನ್ನು ಉದಾಹರಿಸಿ, ಒಂದರ ಮೇಲೊಂದು ಬಿದ್ದ ಹಂದಿಗಳ ಗುಂಪನ್ನು ‘ನಿಚಯ’ವೆಂದೇ ಉಳಿಸಿದೆ. ವೈಯಾಕರಣರ ಮಾತು ಇರುವ ನೆಲೆಯ ಮೇಲು ಕೆಳಗನ್ನು ಕುರಿತದ್ದು. ಶರಣರಾದರೋ ಅದನ್ನು ಕುಲದ ಮೇಲುಕೀಳಿಗೂ ಸಲ್ಲುವಂತೆ ಬಾಳಿ ತೋರಿದರು. ಸಮಗಾರ ಹರಳಯ್ಯನನ್ನೂ ಬ್ರಾಹ್ಮಣ ಮಧುವರಸನನ್ನೂ ಪರಂಪರೆಯು ಒಂದೇ ಗಣನೆಯಲ್ಲಿ ಎಣಿಸಿತು. ಒಬ್ಬರಿಗೆ ಒಂದು, ಇನ್ನೊಬ್ಬರಿಗೂ ಒಂದೇ.

ಇದರಿಂದ ತಿಳಿಯತಕ್ಕದ್ದೇನು? ರಾಶಿಯಿಂದ ಒಂದು ಕಾಳು ಜಾರಿದರೆ ರಾಶಿಯ ಹೆಸರು ಕೆಡದು, ಅದನ್ನು ಎಣಿಸಿದವರೂ ಇಲ್ಲ. ಗಣದಲ್ಲಿ ಹಾಗಲ್ಲ, ಪ್ರತಿಯೊಬ್ಬನೂ ಎಣಿಕೆಗೆ ಬಂದವನು, ಪ್ರತಿಯೊಬ್ಬನೂ ಸಮಸ್ತದ ಹೆಸರನ್ನು ಹೊತ್ತವನು. ಆದಕಾರಣವೇ ಗಣಾಚಾರವು ಒಬ್ಬೊಬ್ಬನ ಹೊಣೆ. ಎಲ್ಲರ ಮಾನವೂ ಒಬ್ಬನ ನಡೆಯಲ್ಲಿದೆ.

ಲಿಂಗೈಕ್ಯರಾದವರ ಹೆಸರಿನಲ್ಲಿ ಮನೆಮನೆಗಳಲ್ಲಿ ಶಿವಗಣಾರಾಧನೆಯು ನಡೆಯುತ್ತದೆ. ಒಳಗೆ ನೂರು ಮಂದಿಯ ಪಂಕ್ತಿ ಕುಳಿತಿರಲು, ಕುಲವನ್ನು ಕೇಳಿ ಒಬ್ಬನನ್ನು ಬಾಗಿಲಾಚೆ ನಿಲ್ಲಿಸಿದರೆ ಅದು ಗಣಾರಾಧನೆಯಾಗಲಾರದು. ಬಾಗಿಲಾಚೆ ನಿಂತವನು ಗಣದಿಂದ ಉಳಿದ ಒಂದು ಭಾಗವಲ್ಲ, ಅವನೇ ಗಣ.