ಅರಸರಿಲ್ಲದ ಕಾಲದ ಆಶ್ರಯ

ಹಿಂದೆ ಸಂಗೀತಗಾರನಿಗೆ ಅರಸರ ಆಶ್ರಯವಿತ್ತು. ಆಮೇಲೆ ರೆಕಾರ್ಡ್ ಕಂಪೆನಿಗಳದು. ಎರಡೂ ಇಲ್ಲದವನು ಏನು ಮಾಡಬೇಕು?

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಜ್ಯಾಕ್ ಕಾಂಟೆ ಮತ್ತು ನ್ಯಾಟಲಿ ಡಾನ್ 2008ರಲ್ಲಿ ಪಾಂಪ್ಲಮೂಸ್ ಎಂಬ ತಂಡ ಕಟ್ಟಿ, ಮನೆಯಲ್ಲೇ ಹಾಡು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸಿದರು. ಕೇಳಿಸುವ ಪ್ರತಿ ನಾದವೂ ಒಂದಲ್ಲ ಒಂದು ಕ್ಷಣ ಕಣ್ಣಿಗೆ ಕಾಣಬೇಕು, ತುಟಿಯಾಡಿಸುವ ನಟನೆ ಸಲ್ಲದು ಎಂಬುದು ಅವರ ನಿಯಮ. ಸಿನಿಮಾ ಹಾಡಿಗೆ ಒಗ್ಗದ ಕಟ್ಟುಪಾಡು!

ಕೇಳುಗರೇನೋ ಲಕ್ಷಗಟ್ಟಲೆ ಬಂದರು. ಜಾಹೀರಾತಿನ ಪಾಲು ಮಾತ್ರ ಪುಡಿಗಾಸು. 2013ರಲ್ಲಿ ಕಾಂಟೆ ಸಾಲದ ಹಣ ಸುರಿದು, ಅಂತರಿಕ್ಷ ನೌಕೆಯ ಸೆಟ್ ಹಾಕಿ ‘ಪೆಡಲ್ಸ್’ ವೀಡಿಯೊ ತಯಾರಿಸಿದ. ಜಾಹೀರಾತಿನಿಂದ ಆ ಖರ್ಚು ಹುಟ್ಟುವಂತಿರಲಿಲ್ಲ. ಅದೇ ವರ್ಷ ಗೆಳೆಯ ಸ್ಯಾಮ್ ಯಾಮ್ ಜತೆ ಪೇಟ್ರಿಯಾನ್ ತಾಣ ತೆರೆದ. ಅಲ್ಲಿ ಅಭಿಮಾನಿಗಳೇ ಆಶ್ರಯದಾತರು. ಮೊದಲಿಗೆ ಹೊಸ ವೀಡಿಯೊ ಒಂದಕ್ಕೆ ಇಷ್ಟು ಎಂಬ ಲೆಕ್ಕ. ಬಳಿಕ ತಿಂಗಳ ವಂತಿಗೆಯೂ ಬಂತು. ಅದರಲ್ಲೊಂದು ಪಾಲು, ಹೇಳಬೇಕಾಗಿಲ್ಲ, ತಾಣಕ್ಕೆ.