ಲಾಂಛನದ ವರಾಹ, ಉಂಗುರದ ಲಂಗರು



ಶತಮಾನೋತ್ಸವದ ಈ ಸಭೆಯಲ್ಲಿ ನಮ್ಮ ಸೀಮೆಯ ಹಳಮೆಯನ್ನು ಕುರಿತು ಎರಡು ಮಾತು ಆಡಬೇಕೆಂದು ಅಪ್ಪಣೆಯಾಗಿದೆ. ದೂರ ಹೋಗಬೇಕಾಗಿಲ್ಲ. ಹರಪನಹಳ್ಳಿ ತಾಲ್ಲೂಕಿನ ನೀಲಗುಂದದ ಭೀಮೇಶ್ವರ ದೇವಾಲಯವನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಕಡಿಮೆ ಜನಕ್ಕೆ ತಿಳಿದಿರುವುದು ಅದೇ ಊರಿನ ಹೆಸರಿನಿಂದ ಪ್ರಸಿದ್ಧವಾದ ತಾಮ್ರಶಾಸನ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದ, ಕ್ರಿ.ಶ. 1087 ಮತ್ತು 1123ರ ಆ ಶಾಸನವನ್ನು ಬಾರ್ನೆಟ್ ಎಂಬ ವಿದ್ವಾಂಸರು ಎಪಿಗ್ರಾಫಿಯಾ ಇಂಡಿಕಾದ 12ನೆಯ ಸಂಪುಟದಲ್ಲಿ ಪ್ರಕಟಿಸಿದರು.

ಚಾಳುಕ್ಯರ ಲಾಂಛನ ವರಾಹ. ನೀರಿನಲ್ಲಿ ಮುಳುಗಿದ ಭೂಮಿಯನ್ನು ವಿಷ್ಣುವು ಹಂದಿಯ ರೂಪದಿಂದ ತನ್ನ ಕೋರೆದಾಡೆಯ ಮೇಲೆ ಎತ್ತಿದನೆಂಬುದು ಪುರಾಣದ ಕಥೆ. ಆ ಲಾಂಛನವು ತಮಗೆ ನಾರಾಯಣನ ಅನುಗ್ರಹದಿಂದಲೇ ದೊರೆಯಿತೆಂದು ಆ ಅರಸರು ಹೇಳಿಕೊಳ್ಳುತ್ತಿದ್ದರು. ಇದು ಬರಿಯ ಅಲಂಕಾರವಲ್ಲ. ನೆಲವನ್ನು ದಾನವಾಗಿ ಕೊಡುವ ಪತ್ರಕ್ಕೆ ನೆಲವನ್ನು ಎತ್ತಿದವನ ಗುರುತೇ ಮುದ್ರೆಯಾದರೆ, ಯಾವ ಅಧಿಕಾರದಿಂದ ಕೊಡುತ್ತಿದ್ದೇನೆ ಎಂಬುದನ್ನು ಅರಸನು ಅಕ್ಷರವಿಲ್ಲದೆ ಹೇಳಿದಂತಾಯಿತು. ಓದಲು ಬಾರದ ಒಕ್ಕಲಿಗನಿಗೂ ಅದು ಅರ್ಥವಾಗುತ್ತಿತ್ತು. ಹೊನ್ನಿನ ನಾಣ್ಯಕ್ಕೆ ‘ವರಾಹ’ವೆಂಬ ಹೆಸರು ಬಂದದ್ದೂ ಈ ಗುರುತಿನಿಂದಲೇ. ವರಾಹಗಳನ್ನು ಎಣಿಸಿದವರು ಹಂದಿಯನ್ನು ಮರೆತರು, ಅದು ಬೇರೆ ಮಾತು!

ಶಿಲಾಶಾಸನಗಳ ನೆತ್ತಿಯಲ್ಲಿ ಕೊರೆದ ಸೂರ್ಯಚಂದ್ರರೂ ಹಾಗೆಯೇ. ಅವರು ಇರುವ ತನಕ ದಾನವು ನಡೆಯಲಿ ಎಂಬುದು ಅದರ ಅರ್ಥ.

ಪಾದ್ರಿಯಾದವನಿಗೆ ಈ ಪುರಾಣದ ಗೊಡವೆ ಏಕೆಂದು ಕೇಳುವವರಿದ್ದಾರೆ. ಅವರಿಗೆ ನಾನು ಕೊಡುವ ಉತ್ತರ ಅಲೆಕ್ಸಾಂದ್ರಿಯದ ಕ್ಲೆಮೆಂಟನದು. ಸುಮಾರು ಕ್ರಿ.ಶ. 200ರಲ್ಲಿ ಆತನು, ಕ್ರೈಸ್ತರು ತಮ್ಮ ಮುದ್ರೆಯುಂಗುರಗಳ ಮೇಲೆ ಏನನ್ನು ಕೊರೆಸಬಹುದೆಂದು ಬರೆದಿಟ್ಟನು: ಪಾರಿವಾಳ, ಮೀನು, ಹಡಗು, ತಂತಿವಾದ್ಯ, ಲಂಗರು. ವಿಗ್ರಹಗಳ ಮುಖ ಬೇಡ. ಶಾಂತಿಯನ್ನು ಅರಸುವವರಿಗೆ ಕತ್ತಿಬಿಲ್ಲುಗಳೂ ಬೇಡ. ಕಣ್ಣುಮುಚ್ಚಿ ಒಪ್ಪಿದವನಲ್ಲ ಆತ, ಆರಿಸಿಕೊಂಡವನು. ಆದರೆ ಲಂಗರನ್ನು ಹೆಸರಿಸುವಾಗ, ಅದು ಸೆಲ್ಯೂಕಸನ ಮುದ್ರೆಯಾಗಿತ್ತೆಂದು ಅವನೇ ತಿಳಿಸುತ್ತಾನೆ. ನಮ್ಮ ಚಂದ್ರಗುಪ್ತ ಮೌರ್ಯನೊಡನೆ ಸಂಧಿ ಮಾಡಿಕೊಂಡ ಅರಸನೇ ಈ ಸೆಲ್ಯೂಕಸ್. ಅಪೊಲೊ ದೇವನು ಅವನ ತಾಯಿಗೆ ಲಂಗರಿನ ಗುರುತುಳ್ಳ ಉಂಗುರವನ್ನು ಕೊಟ್ಟನೆಂದು ಕಥೆ. ದೇವರಿಂದ ಲಾಂಛನ ಪಡೆದವರು ಚಾಳುಕ್ಯರು ಮಾತ್ರವೇ ಅಲ್ಲವೆಂದಾಯಿತು.

ಆ ಲಂಗರಿಗೆ ಕ್ರೈಸ್ತರು ಬೇರೊಂದು ಅರ್ಥವನ್ನು ತುಂಬಿದರು. ಹಿಬ್ರಿಯರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ನಿರೀಕ್ಷೆಗೆ ಅದೇ ಉಪಮೆಯುಂಟು. ಹಡಗನ್ನೇ ಕಾಣದ ನಮ್ಮ ಬಯಲುಸೀಮೆಯಲ್ಲಿ ಅದನ್ನು ಬಿಡಿಸಿ ಹೇಳಬೇಕಾಗುತ್ತದೆ. ವರಾಹದ ಕಥೆಯನ್ನು ಹೇಳಿಕೊಡುವವರು ಮಾತ್ರ ಪಕ್ಕದ ಮನೆಯಲ್ಲೇ ಇದ್ದಾರೆ, ಕೇಳಲು ಸಂಕೋಚವೇಕೆ?

ರೋಮಿನಲ್ಲಿ ಲಿಸಿನಿಯ ಅಮಿಯಾಸ್ ಎಂಬ ಸ್ತ್ರೀಯ ಸಮಾಧಿಯ ಕಲ್ಲೊಂದಿದೆ, ಮೂರನೆಯ ಶತಮಾನದ ಆದಿಭಾಗದ್ದು. ಅದರಲ್ಲಿ ಎರಡು ಮೀನುಗಳು, ನಡುವೆ ಲಂಗರು, ಅವುಗಳ ಮೇಲೆ ‘ಜೀವಂತರ ಮೀನು’ ಎಂಬ ಗ್ರೀಕ್ ಬರಹ. ಎಲ್ಲಕ್ಕೂ ಮೇಲೆ, ಪಿತೃದೇವತೆಗಳಿಗೆ ಅರ್ಪಣೆಯೆಂದು ರೋಮನರು ವಾಡಿಕೆಯಂತೆ ಕೊರೆಯುತ್ತಿದ್ದ ಎರಡು ಲತೀನ್ ಅಕ್ಷರಗಳು. ಅವನ್ನು ಯಾರೂ ಕೆತ್ತಿ ತೆಗೆದಿಲ್ಲ.