ಹಡಗಿನ ಕೋಣೆಯ ಲೆಕ್ಕ
(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಮಹಿಳಾ ವಿಭಾಗದಿಂದ ಹಡಗಿನ ಪ್ರವಾಸ ಹೋಗೋಣ ಎಂದು ಕಳೆದ ಸಭೆಯಲ್ಲಿ ಮಾತಾದಾಗಿನಿಂದ ನನ್ನ ಫೋನಿಗೆ ಬಿಡುವಿಲ್ಲ. ಫೋರ್ಟಿನ ಒಂದು ಟ್ರಾವೆಲ್ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಬುಕಿಂಗ್ ಕೆಲಸ ಮಾಡಿದವಳು ಎಂಬ ಕಾರಣಕ್ಕೆ ಕಾರ್ಯದರ್ಶಿಯವರು ಈ ವಿಷಯವನ್ನು ನನಗೆ ಒಪ್ಪಿಸಿದ್ದಾರೆ. ಕೇಳಿದವರೆಲ್ಲರ ಪ್ರಶ್ನೆ ಒಂದೇ: "ಒಬ್ಬರಿಗೆ ಎಷ್ಟಾಗುತ್ತೆ?" ಹಡಗಿನ ಮಟ್ಟಿಗೆ ಆ ಪ್ರಶ್ನೆಗೆ ನೇರ ಉತ್ತರ ಇಲ್ಲ. ನಿಮ್ಮ ಕೋಣೆಯಲ್ಲಿ ಇನ್ನು ಯಾರು ಇರುತ್ತಾರೆ ಎಂದು ಹೇಳಿದರೆ ಮಾತ್ರ ಉತ್ತರ ಸಿಗುತ್ತದೆ.

ರೈಲಿನಲ್ಲಿ ಬರ್ತಿಗೆ ದುಡ್ಡು. ಐದು ವರ್ಷದೊಳಗಿನ ಮಗುವಿಗೆ ಬರ್ತ್ ಕೇಳದಿದ್ದರೆ ಟಿಕೆಟ್ಟೇ ಬೇಡ. ಊರಿನ ಲಾಡ್ಜಿನಲ್ಲಿ ರೂಮಿಗೆ ಬಾಡಿಗೆ, ಮೇಲೊಂದು ಹಾಸಿಗೆ ಬೇಕಿದ್ದರೆ ಇಷ್ಟು ಎಂದು ಹೆಚ್ಚಿಗೆ. ಹಡಗಿನವರು ಮಾಡುವುದು ಲಾಡ್ಜಿನ ಲೆಕ್ಕವನ್ನೇ, ಆದರೆ ಜಾಹೀರಾತಿನಲ್ಲಿ ಹಾಕುವುದು ರೈಲಿನ ಹಾಗೆ, ತಲೆಗೆ ಇಷ್ಟು ಅಂತ. ಗೊಂದಲ ಹುಟ್ಟುವುದು ಅಲ್ಲಿಯೇ.

ಜಾಹೀರಾತಿನ ದರದ ಕೆಳಗೆ ಸಣ್ಣ ಅಕ್ಷರದಲ್ಲಿ "ಟ್ವಿನ್ ಶೇರಿಂಗ್" ಅಥವಾ "ಡಬಲ್ ಆಕ್ಯುಪೆನ್ಸಿ" ಎಂದಿರುತ್ತದೆ. ಅಂದರೆ ಕೋಣೆಯಲ್ಲಿ ಇಬ್ಬರು ಇರುತ್ತಾರೆ ಎಂದು ಮೊದಲೇ ಹಿಡಿದುಕೊಂಡು, ಕೋಣೆಯ ಬೆಲೆಯನ್ನು ಎರಡು ಭಾಗ ಮಾಡಿ ಒಂದು ಭಾಗ ತೋರಿಸಿದ್ದಾರೆ. ಆ ಇಬ್ಬರು ಪೂರ್ತಿ ದರ ಕೊಡಬೇಕು. ಮೂರನೆಯವರು, ನಾಲ್ಕನೆಯವರು ಅದೇ ಕೋಣೆಗೆ ಬಂದರೆ ಅವರಿಗೆ ಕಡಿಮೆ ದರ; ಕೆಲವು ಸಲ ಮಕ್ಕಳಿಗೆ ಉಚಿತ ಎಂದೂ ಇರುತ್ತದೆ. ಕಂಪನಿಯವರಿಗೆ ಧಾರಾಳ ಹೆಚ್ಚಾಯಿತು ಎಂದುಕೊಳ್ಳಬೇಡಿ. ಕೋಣೆಯ ಬೆಲೆ ಇಬ್ಬರಿಂದಲೇ ಬಂದಾಯಿತು, ಮೇಲೆ ಬಂದವರು ಹಡಗಿನಲ್ಲಿ ಫೋಟೋ, ವೈಫೈ, ಐಸ್‌ಕ್ರೀಮು, ಆಟ ಅಂತ ಖರ್ಚು ಮಾಡುತ್ತಾರಲ್ಲ. ಹಡಗು ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಹಡಗು ನೂರಕ್ಕೆ ನೂರಕ್ಕಿಂತ ಹೆಚ್ಚು ತುಂಬಿತ್ತು ಎಂದು ಬರೆದಿರುತ್ತದೆ. ಅದು ತಪ್ಪು ಲೆಕ್ಕವಲ್ಲ. ಕೋಣೆಗೆ ಇಬ್ಬರು ಅಂದರೆ ನೂರು. ಅದರ ಮೇಲಿನದೆಲ್ಲ ನಮ್ಮ ನಿಮ್ಮ ಮಕ್ಕಳು.

ಇನ್ನು ಅಂಕಿಗೆ ಬರೋಣ. ಇವು ಯಾವ ಕಂಪನಿಯ ದರವೂ ಅಲ್ಲ, ಲೆಕ್ಕ ಹಾಕಲು ಸುಲಭ ಎಂದು ನಾನೇ ಹಿಡಿದವು. ಮೊದಲ ಇಬ್ಬರಿಗೆ ತಲಾ ರೂ. 30,000. ಮೂರನೆಯ, ನಾಲ್ಕನೆಯವರಿಗೆ ತಲಾ ರೂ. 12,000. ಬಂದರು ಶುಲ್ಕ, ತೆರಿಗೆ ಎಲ್ಲ ಸೇರಿ ಪ್ರತಿ ತಲೆಗೆ ರೂ. 6,000. ಉಚಿತ ಎಂದ ಮಗುವಿಗೂ ಈ ಕೊನೆಯದು ತಪ್ಪುವುದಿಲ್ಲ, ನೆನಪಿರಲಿ.

ಗಂಡ ಹೆಂಡತಿ ಇಬ್ಬರಿಗೆ ರೂ. 72,000. ಜೊತೆಗೆ ಇಬ್ಬರು ಮಕ್ಕಳು ಅದೇ ಕೋಣೆಯಲ್ಲಿದ್ದರೆ ರೂ. 1,08,000, ತಲೆಗೆ 27,000 ಬಿತ್ತು. ತಾಯಿ ಒಬ್ಬಳು, ಎಂಟು ವರ್ಷದ ಮಗ ಒಬ್ಬ ಬಂದರೆ? ಮತ್ತೆ 72,000. ಬಹುತೇಕ ಕಂಪನಿಗಳಲ್ಲಿ ಎರಡನೆಯವರು ಯಾರು, ವಯಸ್ಸೆಷ್ಟು ಎಂದು ನೋಡುವುದಿಲ್ಲ. ಮಕ್ಕಳಿಗೆ ಉಚಿತ ಎಂಬುದು ಎರಡು ದೊಡ್ಡ ಟಿಕೆಟ್ ಕೊಂಡವರಿಗೆ ಮಾತ್ರ. ಒಬ್ಬಳೇ ಮಗು ಸಾಕುತ್ತಿರುವ ತಾಯಿ ಆ ಜಾಹೀರಾತು ನೋಡಿ ಫೋನ್ ಮಾಡಿದಾಗ ಇದನ್ನು ಹೇಳುವುದು ನನ್ನ ಕೆಲಸದಲ್ಲಿ ನನಗೆ ಅತ್ಯಂತ ಬೇಸರದ ಭಾಗವಾಗಿತ್ತು.

ಒಬ್ಬರೇ ಬಂದರೆ ಸಾಮಾನ್ಯವಾಗಿ ಒಂದೂವರೆ ಪಟ್ಟಿನಿಂದ ಎರಡು ಪಟ್ಟು. ಎರಡು ಪಟ್ಟು ಎಂದು ಹಿಡಿದರೆ 60,000, ಮೇಲೆ 6,000, ಒಟ್ಟು ರೂ. 66,000. ಒಬ್ಬರಿಗೆಂದೇ ಸಣ್ಣ ಕೋಣೆ ಕಟ್ಟಿದ ಹಡಗುಗಳೂ ಇವೆ. 2010ರಲ್ಲಿ ಬಂದ ನಾರ್ವೇಜಿಯನ್ ಎಪಿಕ್‌ನಲ್ಲಿ ಅಂಥ 128 ಕೋಣೆಗಳನ್ನು ಮಾಡಿದ್ದರು. ಆದರೆ 2021ರಿಂದ ನಮ್ಮ ಮುಂಬಯಿಯಿಂದ ಗೋವಾ, ಲಕ್ಷದ್ವೀಪದ ಕಡೆ ಹೊರಟ ಕಾರ್ಡೇಲಿಯಾದ ಎಂಪ್ರೆಸ್ 1990ರಲ್ಲಿ ಕಟ್ಟಿದ ಹಡಗು. ಆ ಕಾಲದವರು ಹೆಂಗಸು ಒಬ್ಬಳೇ ಹಡಗು ಹತ್ತುತ್ತಾಳೆ ಎಂದು ಎಲ್ಲಿ ಯೋಚಿಸಿದ್ದರು!

ಈಗ ನಮ್ಮ ಮನೆಗಳ ಲೆಕ್ಕ. ನಾಲ್ವರ ಕುಟುಂಬ, ಜೊತೆಗೆ ಗಂಡನಿಲ್ಲದ ಅತ್ತೆ. ಏಜೆಂಟ್ ಹೇಳುತ್ತಾನೆ: ನಿಮಗೆ ಒಂದು ಕೋಣೆ 1,08,000, ಅಮ್ಮನಿಗೆ ಬೇರೆ 66,000, ಒಟ್ಟು 1,74,000. ಅತ್ತೆ ಕೇಳಿದ ತಕ್ಷಣ "ನನಗ್ಯಾಕೆ, ನೀವು ಹೋಗಿ ಬನ್ನಿ, ನಾನು ಮನೆ ನೋಡಿಕೊಳ್ತೇನೆ" ಅಂತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಅದನ್ನು ಮುಗಿಯಲು ಬಿಡಬೇಡಿ. ಮೊಮ್ಮಗಳನ್ನು ಅಜ್ಜಿಯ ಕೋಣೆಗೆ ಕಳಿಸಿ. ಆಗ ಒಂದು ಕೋಣೆಯಲ್ಲಿ ಮೂವರು, 90,000, ಇನ್ನೊಂದರಲ್ಲಿ ಇಬ್ಬರು, 72,000, ಒಟ್ಟು 1,62,000. ಅತ್ತೆ ಬಂದದ್ದಕ್ಕೆ ಮನೆಗೆ ಹೆಚ್ಚಾದದ್ದು 54,000. ಇದರಲ್ಲಿ ಅವರ ಪಿಂಚಣಿಯಿಂದ ಎಷ್ಟು, ಮಗನ ಜೇಬಿನಿಂದ ಎಷ್ಟು ಎಂಬುದು ನಿಮ್ಮ ಮನೆಯ ವಿಚಾರ. ಆದರೆ ಏಜೆಂಟನ ಚೀಟಿ ನೋಡಿ "ಅಮ್ಮನ ಕೋಣೆ ಇಷ್ಟಾಯಿತು" ಎಂದು ಅವರ ಎದುರು ಓದಬೇಡಿ.

ಇನ್ನೊಂದು ಗಮನಿಸಿ. ಆರು ಮಂದಿ ಇದ್ದೀರಿ, ಒಂದೇ ದರ್ಜೆಯ ಎರಡು ಕೋಣೆ ಸಾಕು. ಮೂವರು ಮೂವರು ಮಲಗಿದರೂ 1,80,000. ನಾಲ್ವರು ಇಬ್ಬರು ಎಂದು ಹಂಚಿಕೊಂಡರೂ 1,80,000. ಅದೇ ಮೂರು ಕೋಣೆ ಮಾಡಿದರೆ 2,16,000. ಕೋಣೆ ಎಷ್ಟು ಎಂಬುದು ತೀರ್ಮಾನವಾದ ಮೇಲೆ, ಯಾವುದರಲ್ಲೂ ಒಬ್ಬರೇ ಉಳಿಯದಿದ್ದರೆ, ಯಾರು ಯಾರ ಜೊತೆ ಎಂಬುದಕ್ಕೆ ಬೆಲೆಯ ಹಂಗಿಲ್ಲ. ಗೊರಕೆ, ಬೆಳಗಿನ ಸ್ನಾನ, ಮಗುವಿನ ಅಳು, ಇವನ್ನು ನೋಡಿ ಹಂಚಿಕೊಳ್ಳಿ.

ನಾಲ್ವರ ಕೋಣೆ ಎಂದರೆ ದೊಡ್ಡ ಕೋಣೆ ಎಂದು ತಿಳಿಯಬೇಡಿ. ಕಿಟಕಿಯಿಲ್ಲದ ಒಳಕೋಣೆ ಸುಮಾರು 150 ಚದರಡಿ. ಚಾಳಿನ ಖೋಲಿಯಲ್ಲಿ ಬೆಳೆದ ನಮಗೆ ಅಳತೆ ಗೊತ್ತೇ ಇದೆ. ಕೆಳಗೆ ಎರಡು ಮಂಚ. ಮೂರನೆಯದು, ನಾಲ್ಕನೆಯದು ಗೋಡೆಯಿಂದಲೋ ಮೇಲಿನಿಂದಲೋ ಬಿಚ್ಚಿಕೊಳ್ಳುವ ಬರ್ತ್, ಏಣಿ ಹತ್ತಬೇಕು. ಬಚ್ಚಲು ಒಂದೇ. ಮಂಡಿ ನೋವಿರುವವರ ಹೆಸರನ್ನು ಆ ಬರ್ತಿಗೆ ಬರೆಸಿ ದುಡ್ಡು ಉಳಿಸಿದರೆ ಅದು ಉಳಿತಾಯವಲ್ಲ. ಅಂಥ ಕೋಣೆಗಳೂ ಹಡಗಿನಲ್ಲಿ ಕಡಿಮೆ, ಶಾಲೆಯ ರಜೆಯಲ್ಲಿ ಮೊದಲು ತುಂಬುವುದು ಅವೇ. ಕೋಣೆ ಖಾಲಿ ಕಂಡರೂ ನಾಲ್ಕನೆಯವರನ್ನು ಹಾಕಲು ಒಪ್ಪದೇ ಇರಬಹುದು. ಹಡಗಿನ ಪ್ರತಿ ಕೋಣೆಗೂ ಜೀವರಕ್ಷಕ ದೋಣಿಯ ಒಂದು ತಂಡ ಗೊತ್ತಾಗಿರುತ್ತದೆ. ಆ ತಂಡದ ಸಂಖ್ಯೆ ತುಂಬಿದರೆ ಮುಗಿಯಿತು. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಶುರುವಾದ ಅಂತರರಾಷ್ಟ್ರೀಯ ಒಪ್ಪಂದದ ಶಿಸ್ತು ಅದು. ಅದಕ್ಕೇ ಕೈಗೂಸೂ ಒಂದು ತಲೆಯೇ. ಆರು ತಿಂಗಳೊಳಗಿನ ಮಗುವನ್ನು ಹೆಚ್ಚಿನ ಹಡಗುಗಳು ಹತ್ತಿಸಿಕೊಳ್ಳುವುದೇ ಇಲ್ಲ.

ಸಿಂಗಾಪುರದಿಂದಲೋ ಅಮೆರಿಕದಿಂದಲೋ ಹೊರಡುವ ದೊಡ್ಡ ಹಡಗುಗಳಿಗೆ ಹೋಗುವವರಿಗೆ ಎರಡು ಮಾತು. ಸೇವಾ ಶುಲ್ಕ, ಅಂದರೆ ಟಿಪ್ಸು, ಬಹಳ ಕಡೆ ತಲೆಗೆ, ದಿನಕ್ಕೆ ಎಂದು ಲೆಕ್ಕ. ದಿನಕ್ಕೆ 15 ಡಾಲರ್ ಎಂದು ಹಿಡಿದರೂ ನಾಲ್ವರಿಗೆ ನಾಲ್ಕು ರಾತ್ರಿಗೆ 240 ಡಾಲರ್. ಕೆಲವು ಅಮೆರಿಕನ್ ಕಂಪನಿಗಳಲ್ಲಿ ಕೋಣೆಯ ಒಬ್ಬ ದೊಡ್ಡವರು ಮದ್ಯದ ಪ್ಯಾಕೇಜ್ ಕೊಂಡರೆ ಅದೇ ಕೋಣೆಯ ಉಳಿದ ದೊಡ್ಡವರೂ ಕೊಳ್ಳಬೇಕು. ಭಾವನ ಆಸೆಗೆ ಅಕ್ಕನೂ ದುಡ್ಡು ಕಟ್ಟಬೇಕು!

ಇನ್ನು ನಮ್ಮ ಪ್ರವಾಸ. ಹೆಸರು ಕೊಟ್ಟವರಲ್ಲಿ ಜೋಡಿಗಳೇ ಹೆಚ್ಚು. ಒಂಟಿಯಾಗಿ ಬರುವ ಏಳು ಮಂದಿ ದರ ಕೇಳಿ ಸುಮ್ಮನಾಗಿದ್ದಾರೆ. ಏಳು ಜನ, ಮೂರು ಕೋಣೆ: ಎರಡು, ಎರಡು, ಮೂರು. ಒಟ್ಟು ರೂ. 2,34,000. ಏಳು ಭಾಗ ಮಾಡಿದರೆ ಸುಮಾರು 33,430. ಒಬ್ಬೊಬ್ಬರೇ ಹೋದರೆ 66,000 ಆಗುತ್ತಿತ್ತು. ಜೋಡಿಯಾಗಿ ಹೋಗುವವರಿಗೂ 36,000 ಬೀಳುತ್ತದೆ. ಚೀಟಿಯಲ್ಲಿ ಮೂರನೆಯವರ ಎದುರು 18,000 ಎಂದಿರುತ್ತದೆ, ಅದನ್ನು ಹಿಡಿದು ಯಾರೂ ವಾದಿಸಬಾರದು. ಮೊತ್ತ ಏಳು ಪಾಲು, ಅಷ್ಟೇ.

ಆದರೆ ಒಂದು ಮಾತು ಮೊದಲೇ ಆಗಬೇಕು. ಇಬ್ಬರ ಕೋಣೆಯಲ್ಲಿ ಒಬ್ಬರು ಕೊನೆಯ ವಾರ ಬರಲಾಗದಿದ್ದರೆ ಉಳಿದವರ ಕೋಣೆ ಒಂಟಿ ಕೋಣೆಯಾಗುತ್ತದೆ, ದರ ಏರಬಹುದು. ಮೂವರಲ್ಲಿ ಒಬ್ಬರು ಬಿಟ್ಟರೂ ಬಿಟ್ಟವರು ಮೊದಲ ಇಬ್ಬರಲ್ಲಿ ಒಬ್ಬರಾಗಿದ್ದರೆ ಮೂರನೆಯವರು ಎರಡನೆಯವರಾಗುತ್ತಾರೆ. ಬರದವರ ಹಣ ವಾಪಸ್ ಬರುವ ಮೊದಲು ಜೊತೆಯವರ ಹೆಚ್ಚುವರಿ ಅದರಿಂದಲೇ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಇವತ್ತೇ ಹೇಳಿ, ಬೇರೆ ದಾರಿ ಹುಡುಕೋಣ. ಯಾವುದಾದರೂ ಒಂದನ್ನು ಬರೆದು ಏಳೂ ಮಂದಿ ಸಹಿ ಹಾಕಿದ ಮೇಲೆಯೇ ಮುಂಗಡ ಕಟ್ಟೋಣ.

ಏಜೆಂಟರಿಗೆ ನಾನು ಕೋಣೆವಾರು ಪೂರ್ತಿ ಮೊತ್ತ, ತೆರಿಗೆ, ಶುಲ್ಕ, ಟಿಪ್ಸು, ರದ್ದತಿಯ ನಿಯಮ ಎಲ್ಲವನ್ನೂ ಬರಹದಲ್ಲಿ ಕೇಳಿದ್ದೇನೆ. ಚಹಾ ಆದ ಮೇಲೆ ಹಿಂದಿನ ಮೇಜಿನ ಹತ್ತಿರ ಇರುತ್ತೇನೆ. ಹೆಸರಿನ ಜೊತೆ ಮಂಡಿ ನೋವು ಇದೆಯೋ ಇಲ್ಲವೋ, ರಾತ್ರಿ ಎಷ್ಟು ಸಲ ಏಳುತ್ತೀರಿ, ಅದನ್ನೂ ಬರೆಸಿ. ಗೊರಕೆಯ ವಿಷಯ ಮಾತ್ರ ನಿಮ್ಮ ಬಾಯಿಂದ ಬೇಡ, ಮನೆಯವರಿಂದ ಕೇಳಿ ಬರೆದುಕೊಳ್ಳುತ್ತೇನೆ.